ಭರತದ ಹೊತ್ತು ಕೇಳಿಯೇ ದೋಣಿ ಗೊತ್ತುಮಾಡಿ

ಕಾಸರಗೋಡು ಜಿಲ್ಲೆಯ ನೀಲೇಶ್ವರದ ಕೋಟಪ್ಪುರಂನಿಂದ ಹೊರಡುವ ಹೌಸ್‌ಬೋಟ್‌ಗಳಲ್ಲಿ ಒಂದು ಹಗಲು ಕಳೆಯಬೇಕೆಂದಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕೋಣೆಗೆ ಎಸಿ ಇದೆಯೇ, ಮೇಲಂತಸ್ತು ಇದೆಯೇ ಎಂದು ವಿಚಾರಿಸುವ ಮುಂಚೆ ಆ ದಿನ ಭರತ, ಅಂದರೆ ಕಡಲಿನ ನೀರಿನ ಏರಿಕೆ, ಎಷ್ಟು ಗಂಟೆಗೆ ಎಂದು ಕೇಳಿ. ಫೋನು ಎತ್ತಿದವರಿಗೆ ಗೊತ್ತಿಲ್ಲದಿದ್ದರೆ ದೋಣಿ ನಡೆಸುವವರ ಕೈಗೆ ಫೋನು ಕೊಡಲು ಹೇಳಿ. ನಮ್ಮ ಆ ದಿನ ಚೆನ್ನಾಗಿ ಸಾಗಿದ್ದು ದೋಣಿ ನಡೆಸುವ ತಾಂಡೇಲರಿಂದ. ಕಚೇರಿಯವರು ಅಚ್ಚುಹಾಕಿಸಿ ಕೊಟ್ಟ ವೇಳಾಪಟ್ಟಿಯನ್ನು ನಂಬಿದ್ದರೆ ಈಜೂ ಕೆಡುತ್ತಿತ್ತು, ಊಟವೂ ಕೆಡುತ್ತಿತ್ತು.

ಹೋದವರು ನಾವು ಕುಂಬಳೆ, ನೀರ್ಚಾಲು, ಬದಿಯಡ್ಕ ಕಡೆಯ ಕನ್ನಡ ಶಾಲೆಗಳ ಕೆಲವು ಅಧ್ಯಾಪಕರು, ಮನೆಯವರು ಮತ್ತು ಮಕ್ಕಳು. ಒಟ್ಟು ಹದಿನಾಲ್ಕು ಮಂದಿ. ಕ್ರಿಸ್ಮಸ್ ರಜೆ. ನಮ್ಮ ಕಡೆಯ ಬಹಳ ಜನರಿಗೆ ಚಂದ್ರಗಿರಿ ಹೊಳೆ ದಾಟಿದರೆ ಊರು ಮುಗಿದ ಹಾಗೆ. ಬೇಕಲ ಕೋಟೆಗೆ ನೆಂಟರನ್ನು ಕರೆದುಕೊಂಡು ಹೋಗುವುದುಂಟು, ಹೊಸದುರ್ಗಕ್ಕೆ ಕೋರ್ಟು ಕಚೇರಿಯ ಕೆಲಸಕ್ಕೆ ಹೋಗುವುದುಂಟು, ಅದರಾಚೆಗೆ ಇಲ್ಲ. ನಮ್ಮದೇ ಜಿಲ್ಲೆಯ ತೆಂಕಣ ತುದಿಯಲ್ಲಿ ಇಷ್ಟು ದೊಡ್ಡ ಹಿನ್ನೀರು ಇದೆಯೆಂದು ಶಾಲೆಯ ಮಕ್ಕಳಿಗೆ ಭೂಪಟದಲ್ಲಿ ತೋರಿಸುವ ನಮಗೇ ಅದರ ಮೈಯ ಅಂದಾಜು ಇರಲಿಲ್ಲ.

ಜಾಗದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಈ ವಿಹಾರದ ಸುಖವೂ ಅಪಾಯವೂ ಅದರಲ್ಲೇ ಇವೆ. ಕೊಡಗಿನ ಗಡಿಯ ಬೆಟ್ಟಗಳಿಂದ ಇಳಿದು ಬರುವ ತೇಜಸ್ವಿನಿ ಹೊಳೆ, ನೀಲೇಶ್ವರದ ಹೊಳೆ, ಇನ್ನೂ ದಕ್ಷಿಣಕ್ಕೆ ಕವ್ವಾಯಿ ಹೊಳೆ, ಇವೆಲ್ಲ ಕಡಲಿನ ಹತ್ತಿರ ಬಂದು ನೇರವಾಗಿ ಅದನ್ನು ಸೇರಲಾರದೆ ಅಗಲವಾಗಿ ಹರಡಿಕೊಂಡಿವೆ. ಅವುಗಳಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಉದ್ದಕ್ಕೆ ಮಲಗಿರುವ ಮರಳಿನ ಪಟ್ಟಿಯೇ ವಲಿಯಪರಂಬ. ಸುಮಾರು 24 ಕಿಲೋಮೀಟರ್ ಉದ್ದ. ಅಗಲವೋ, ಕೆಲವು ಕಡೆ ಹಿನ್ನೀರಿನ ದಡದಿಂದ ಹೊರಟು ಐದು ನಿಮಿಷ ನಡೆದರೆ ಕಡಲಿನ ಅಲೆ ಕಾಲಿಗೆ ತಾಗುತ್ತದೆ. ಉತ್ತರದಲ್ಲಿ ಅಳಿತ್ತಲದ ಬಳಿ ಅಳಿವೆ, ಹೊಳೆ ಕಡಲು ಸೇರುವ ಬಾಯಿ. ಭರತದಲ್ಲಿ ಕಡಲಿನ ನೀರು ಆ ಬಾಗಿಲಿನಿಂದ ಒಳಗೆ ನುಗ್ಗುತ್ತದೆ, ಇಳಿತದಲ್ಲಿ ಹೊಳೆಗಳ ನೀರನ್ನೂ ಎಳೆದುಕೊಂಡು ಹೊರಗೆ ಹೋಗುತ್ತದೆ. ನೋಡಲು ಕೆರೆಯ ಹಾಗೆ ನಿಂತ ನೀರು. ಒಳಗೆ ಮಾತ್ರ ಅದು ದಿನವಿಡೀ ನಡೆಯುತ್ತಲೇ ಇರುತ್ತದೆ.

ಬೆಳಿಗ್ಗೆ ಹತ್ತೂವರೆಗೆ ದೋಣಿ ಬಿಟ್ಟರು. ಅಚ್ಚಾಂತುರುತ್ತಿಯ ತೆಂಗಿನ ತೋಟಗಳು ಹಿಂದಾದ ಮೇಲೆ ಎಳನೀರು ಕೊಟ್ಟರು, ಕುಳಿತುಕೊಂಡೆವು. ತಾಂಡೇಲರು ಐವತ್ತರ ಆಸುಪಾಸಿನವರು. ವರ್ಷಗಟ್ಟಲೆ ಮಂಗಳೂರಿನ ದಕ್ಕೆಯಲ್ಲಿ ಮೀನುಗಾರಿಕೆಯ ಬೋಟಿನಲ್ಲಿ ದುಡಿದವರಾದ್ದರಿಂದ ತುಳುವೂ ಕನ್ನಡವೂ ನೀರು ಕುಡಿದಷ್ಟು ಸಲೀಸು. ಕಚೇರಿಯವರು ಕೊಟ್ಟ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಓದಿ ಹಿಂದಕ್ಕೆ ಕೊಟ್ಟರು.

“ಟೀಚರೇ, ಇದರಲ್ಲಿ ಒಂದು ಗಂಟೆಗೆ ಊಟ, ಮೂರು ಗಂಟೆಗೆ ಈಜು ಎಂದು ಬರೆದಿದ್ದಾರೆ. ಮೂರು ಗಂಟೆಗೆ ನಾನು ಯಾರನ್ನೂ ನೀರಿಗೆ ಇಳಿಸುವುದಿಲ್ಲ. ಆಗ ಜೋರು ಇಳಿತ, ನೀರು ಅಳಿವೆಯ ಕಡೆಗೆ ಎಳೆಯುತ್ತದೆ. ಹನ್ನೆರಡೂವರೆಯ ಹೊತ್ತಿಗೆ ಒಳಗಿನ ನೀರು ನಿಲ್ಲುತ್ತದೆ. ಆಗ ಇಳಿಯಿರಿ. ಊಟ ಆಮೇಲೆ.”

ಕಾಗದದ ಆ ತಪ್ಪು ಸಣ್ಣದಲ್ಲ. ನೀರು ಆರು ಗಂಟೆಗಿಂತ ತುಸು ಹೆಚ್ಚು ಹೊತ್ತು ಏರುತ್ತದೆ, ಮತ್ತೆ ಅಷ್ಟೇ ಹೊತ್ತು ಇಳಿಯುತ್ತದೆ. ಪ್ರತಿದಿನ ಆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತಾ ಹೋಗುತ್ತದೆ. ಚಂದ್ರನ ಹಿಂದೆ ಹೋಗುವ ನೀರಿಗೆ ವರ್ಷವಿಡೀ ಒಂದೇ ಗಂಟೆ ಅಚ್ಚುಹಾಕಿಸಿದರೆ ಹೇಗೆ? ಅಳಿವೆಯಲ್ಲಿ ಭರತ ತುಂಬಿದ ಕೂಡಲೇ ಒಳಗೂ ತುಂಬುವುದಿಲ್ಲ, ಅಲ್ಲಿಂದ ದೂರ ಹೋದಷ್ಟು ತಡವಾಗುತ್ತದೆ. ಈ ಲೆಕ್ಕ ತಾಂಡೇಲರ ತಲೆಯಲ್ಲಿತ್ತು. ಮುಂಗಡ ಹಣ ತೆಗೆದುಕೊಂಡವರ ಮೇಜಿನ ಮೇಲೆ ಇರಲಿಲ್ಲ. ಈ ವಿಹಾರದ ಬಗ್ಗೆ ನನ್ನ ದೊಡ್ಡ ದೂರು ಇದೇ.

ವಲಿಯಪರಂಬದ ಒಳಮಗ್ಗುಲಲ್ಲಿ ಮರಳು ದಿಬ್ಬ ಇರುವ ಕಡೆ ಲಂಗರು ಹಾಕಿದರು. ತಾಂಡೇಲರು ತೆಂಗಿನ ಸಿಪ್ಪೆಯ ತುಂಡೊಂದನ್ನು ನೀರಿಗೆ ಎಸೆದು ನೋಡುತ್ತಾ ನಿಂತರು. ಅದು ಮೆಲ್ಲಗೆ ಒಳನಾಡಿನ ಕಡೆ ತೇಲುತ್ತಿತ್ತು. ಮಕ್ಕಳು ಅಂಗಿ ಬಿಚ್ಚಿ ತಯಾರಾಗಿ ಕುಣಿಯುತ್ತಿದ್ದರೂ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ತುಂಡು ಎಸೆದರು. ಅದು ಬಿದ್ದಲ್ಲೇ ನಿಂತಿತು. “ಇಳಿಯಿರಿ” ಎಂದರು.

ನಾನು ಈಜು ಕಲಿತದ್ದು ಅಡಿಕೆ ತೋಟದ ಮದಕದಲ್ಲಿ, ಅಂದರೆ ಕೆರೆಯಲ್ಲಿ; ನನ್ನ ಮಗಳಿಗೂ ಅಲ್ಲೇ ಕಲಿಸಿದ್ದು. ಮದಕದ ನೀರು ತಣ್ಣಗೆ, ಭಾರ. ಕೈಕಾಲು ಬಡಿಯುವುದನ್ನು ನಿಲ್ಲಿಸಿದರೆ ಕೆಳಗೆ ಎಳೆದುಕೊಳ್ಳುತ್ತದೆ. ಇಲ್ಲಿ ಭರತ ತಂದ ಉಪ್ಪುನೀರು ದೇಹವನ್ನು ತಾನಾಗಿ ಎತ್ತಿ ಹಿಡಿಯುತ್ತದೆ. ಮಗಳು ಅಂಗಾತ ಮಲಗಿ, ಕೈ ಆಡಿಸದೆಯೇ ತೇಲುತ್ತಿದ್ದೇನೆಂದು ತಿಳಿದು ಕೂಗಿ ಹೇಳಿದಳು. ಕಾಲಡಿಯಲ್ಲಿ ಗಟ್ಟಿ ಮರಳು, ನೀರು ಎದೆಯ ಮಟ್ಟ, ಬಗ್ಗಿ ನೋಡಿದರೆ ಸ್ವಂತ ಪಾದ ಕಾಣಿಸುವಷ್ಟು ತಿಳಿ. ಈಜು ಬಾರದ ಇಬ್ಬರು ಸಹೋದ್ಯೋಗಿಗಳು ಲೈಫ್ ಜಾಕೆಟ್ ತೊಟ್ಟು ಹಗ್ಗ ಹಿಡಿದು ನಿಂತವರು, ಆಮೇಲೆ ಹಗ್ಗ ಬಿಟ್ಟರು. ಇಂಜಿನ್ ನೋಡಿಕೊಳ್ಳುವ ಹುಡುಗ ಇಡೀ ಹೊತ್ತು ಅಳಿವೆಯ ಕಡೆಯ ಮಗ್ಗುಲಲ್ಲಿ ನೀರಿನಲ್ಲೇ ನಿಂತಿದ್ದ. ಯಾರಾದರೂ ಜಾರಿದರೆ ಆ ಕಡೆಗೇ ಹೋಗುತ್ತಾರೆ ಎಂಬುದಕ್ಕಾಗಿ. ಹೇಳಿಸಿಕೊಂಡು ನಿಂತದ್ದಲ್ಲ, ತಾನಾಗಿ ಹೋಗಿ ನಿಂತದ್ದು; ಅದನ್ನು ನಾನು ಬಹಳ ಮೆಚ್ಚಿದೆ.

ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಸಿಕ್ಕಿತು. ಸಿಪ್ಪೆಯ ತುಂಡು ಅಳಿವೆಯ ದಿಕ್ಕಿಗೆ ಚಲಿಸಲು ಶುರುವಾದದ್ದೇ ತಡ, ಎಲ್ಲರನ್ನೂ ಮೇಲಕ್ಕೆ ಕರೆದರು. ಬೆಂಗಳೂರಿನಿಂದ ಬಂದಿದ್ದ ನಮ್ಮ ಸಹೋದ್ಯೋಗಿಯ ತಮ್ಮ, “ಇನ್ನೈದು ನಿಮಿಷ ಅಣ್ಣಾ” ಎಂದು ಕೇಳಿದ. “ಇಲ್ಲ ಮಾರಾಯರೇ, ಹತ್ತಿ” ಎಂದರು, ಅಷ್ಟೇ. ಗಿರಾಕಿಯ ಮುಖ ನೋಡಿ ಸಡಿಲ ಬಿಡದ ಇಂಥವರ ಕೈಯಲ್ಲಿ ಮಕ್ಕಳನ್ನು ಕೊಡಬಹುದು.

ಈಜುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಈ ಹಿನ್ನೀರಿನ ಉದ್ದಕ್ಕೂ, ಪಡನ್ನದ ಬದಿಯಲ್ಲಿ ಮುಖ್ಯವಾಗಿ, ನೀರಿನಿಂದ ಎದ್ದು ನಿಂತ ಗೂಟಗಳ ಸಾಲು ಸಾಲು ಚಪ್ಪರಗಳು ಕಾಣುತ್ತವೆ. ಅವು ಪಚ್ಚಿಲೆ ಎಂಬ ಚಿಪ್ಪುಜೀವಿಯ ಕೃಷಿ. ಹಗ್ಗದ ಸುತ್ತ ಮರಿ ಪಚ್ಚಿಲೆಗಳನ್ನು ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ ಹೊಲಿದು, ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಮರಿಗಳು ತಮ್ಮದೇ ನಾರಿನಿಂದ ಹಗ್ಗಕ್ಕೆ ಕಚ್ಚಿಕೊಂಡಿರುತ್ತವೆ. ಮಳೆ ನಿಂತು ನೀರಿಗೆ ಉಪ್ಪು ಬಂದ ಮೇಲೆ, ನವೆಂಬರ್–ಡಿಸೆಂಬರ್‌ನಲ್ಲಿ ಕಟ್ಟುವುದು. ಮಳೆಗಾಲದ ಸಿಹಿನೀರು ನುಗ್ಗಿ ಎಲ್ಲವನ್ನೂ ಕೊಲ್ಲುವ ಮುಂಚೆ, ಏಪ್ರಿಲ್–ಮೇಯಲ್ಲಿ ಕೀಳುವುದು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕಲಿಸಿದ ವಿಧಾನವನ್ನು ಇಲ್ಲಿ ದೊಡ್ಡದಾಗಿ ಬೆಳೆಸಿದ್ದು ಹೆಂಗಸರ ಸ್ವಸಹಾಯ ಗುಂಪುಗಳು. ನಮ್ಮ ದೋಣಿ ಹಾದುಹೋಗುವಾಗಲೂ ಸೊಂಟದವರೆಗೆ ನೀರಿನಲ್ಲಿ ನಿಂತು ಹಗ್ಗ ಕಟ್ಟುತ್ತಿದ್ದವರು ಹೆಂಗಸರೇ. ಆ ಗೂಟಗಳ ಹತ್ತಿರ ಈಜಬಾರದು. ಚಿಪ್ಪಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಅದೂ ಅಲ್ಲದೆ ಅದು ಇನ್ನೊಬ್ಬರ ಬೆಳೆ. ದೋಣಿಯ ವೇಗ ತಗ್ಗಿಸಿ, ಅಲೆ ಏಳದ ಹಾಗೆ ತಾಂಡೇಲರು ಸುತ್ತುಬಳಸಿ ಹೋದರು.

ಊಟಕ್ಕೆ ಕುಳಿತಾಗ ಎರಡು ಗಂಟೆ ದಾಟಿತ್ತು. ಈಜಿ ಬಂದ ಹಸಿವು ಬೇರೆ. ಕುಚ್ಚಲಕ್ಕಿ ಅನ್ನ, ಕೆಂಪು ಮೆಣಸಿನ ಮೀನಿನ ಸಾರು, ಬಾಳೆ ಎಲೆಯಲ್ಲಿ ಹುರಿದ ಕರಿಮೀನು, ಬಟಾಣಿ ಗಾತ್ರಕ್ಕೆ ಹೆಚ್ಚಿದ ಬೀನ್ಸ್ ಪಲ್ಯ, ಹಪ್ಪಳ, ಮಜ್ಜಿಗೆ. ಇವೆಲ್ಲಕ್ಕಿಂತ ನಾನು ಎರಡನೆಯ ಸಲ ಕೇಳಿ ಹಾಕಿಸಿಕೊಂಡದ್ದು ತುಂಬಿದ ಪಚ್ಚಿಲೆ. ಅಕ್ಕಿಯನ್ನು ತೆಂಗಿನಕಾಯಿ, ಸಣ್ಣ ನೀರುಳ್ಳಿ, ಬಡೇಸೊಪ್ಪಿನ ಜೊತೆ ಗಟ್ಟಿಯಾಗಿ ಅರೆದು, ಬಾಯಿ ತೆರೆದ ಚಿಪ್ಪಿನೊಳಗೆ ಮಾಂಸದ ಮೇಲೆ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಆಮೇಲೆ ಚಿಪ್ಪು ಬಿಡಿಸಿ, ಮೆಣಸಿನಪುಡಿಯ ಮಸಾಲೆ ಸವರಿ ಎಣ್ಣೆಯಲ್ಲಿ ಕೆಂಪಗೆ ಹುರಿಯುತ್ತಾರೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ನಡುವೆ ಕಡಲಿನ ರುಚಿ. ಹಗ್ಗದ ಪಚ್ಚಿಲೆ ಇನ್ನೂ ಬಲಿತಿಲ್ಲ, ಇವು ಬಂಡೆಯಿಂದ ಕಿತ್ತವು ಎಂದು ಅಡುಗೆಯವರು ಹೇಳಿದರು. ಪೇಟೆಯ ಹೋಟೆಲುಗಳಲ್ಲಿ ಇದನ್ನು ತಿಂದಿದ್ದೇನೆ. ಬಾಣಲೆಯಿಂದ ನೇರ ಎಲೆಗೆ ಬಿದ್ದ ಈ ರುಚಿ ಅಲ್ಲಿ ಸಿಕ್ಕಿಲ್ಲ.

ಆದರೆ ಸಸ್ಯಾಹಾರಿಗಳಿಗೆ ಆ ಊಟದಲ್ಲಿ ನ್ಯಾಯ ಸಿಗಲಿಲ್ಲ. ನಮ್ಮಲ್ಲಿ ಮೂವರು ಮೀನು ಮುಟ್ಟದವರೆಂದು ಗೊತ್ತುಮಾಡುವಾಗಲೇ ತಿಳಿಸಿದ್ದೆವು. ಕಚೇರಿಯಿಂದ ಆ ಮಾತು ಅಡುಗೆಯವರಿಗೆ ತಲುಪಿರಲಿಲ್ಲ. ಹಪ್ಪಳವನ್ನು ಮೀನು ಕರಿದ ಎಣ್ಣೆಯಲ್ಲೇ ಕರಿದಾಗಿತ್ತು. ಅವರಿಗೆ ಉಳಿದದ್ದು ಅನ್ನ, ಪಲ್ಯ, ಮಜ್ಜಿಗೆ, ಉಪ್ಪಿನಕಾಯಿ. ಅಡುಗೆಯವರು ನೊಂದುಕೊಂಡು ಅವಸರದಲ್ಲಿ ಟೊಮೆಟೊ ಸಾರು ಮಾಡಿಕೊಟ್ಟರು. ಅವರನ್ನು ದೂರುವುದಿಲ್ಲ. ಎಲ್ಲರಿಂದ ಒಂದೇ ದರ ತೆಗೆದುಕೊಂಡ ಮೇಲೆ ಎಲ್ಲರ ಎಲೆಯೂ ತುಂಬಬೇಕು. ನಮ್ಮ ಕುಂಬಳೆ ಸೀಮೆಯಿಂದಲೂ ಪುತ್ತೂರು, ಸುಳ್ಯದಿಂದಲೂ ಗಿರಾಕಿಗಳು ಬರಬೇಕೆಂದಿದ್ದರೆ ದೋಣಿಯವರು ಬೇರೆ ಬಾಣಲೆ, ಬೇರೆ ಎಣ್ಣೆ ಇಟ್ಟುಕೊಳ್ಳಲೇಬೇಕು.

ಊಟದ ನಂತರ ದಡಕ್ಕೆ ಇಳಿಸಿದ್ದು ಎರಡು ಕಡೆ. ಇಡಯಿಲೆಕ್ಕಾಡು ಹಿನ್ನೀರಿನ ನಡುವಿನ ಸಣ್ಣ ದ್ವೀಪ. ಅಲ್ಲೊಂದು ನಾಗಬನ, ಕಾವು ಎನ್ನುತ್ತಾರೆ. ಸುತ್ತ ಉಪ್ಪುನೀರು ಇರುವಾಗ ನಡುವೆ ಇಷ್ಟು ದಟ್ಟ ಕಾಡು ಉಳಿದಿರುವುದು ಕಡಿಯಬಾರದೆಂಬ ಹಿರಿಯರ ಕಟ್ಟಳೆಯಿಂದ. ಬನದ ತುಂಬಾ ಮಂಗಗಳು. ಓಣಂನ ಅವಿಟ್ಟಂ ದಿನ, ಅಂದರೆ ತಿರುವೋಣಂನ ಮರುದಿನ, ಊರಿನ ಮಕ್ಕಳು ಅವುಗಳಿಗೆ ಎಲೆ ಹಾಕಿ ಹಣ್ಣು, ತರಕಾರಿ, ಅನ್ನ ಬಡಿಸುತ್ತಾರೆ. ಇತರ ದಿನ ಹೋಗುವವರು ಬಿಸ್ಕತ್ತು, ಕುರುಕಲು ಪೊಟ್ಟಣ ಒಯ್ಯಬೇಡಿ. ಕಸಿದುಕೊಳ್ಳುತ್ತವೆ, ಪ್ಲಾಸ್ಟಿಕ್ ಬನದಲ್ಲಿ ಉಳಿಯುತ್ತದೆ. ನಮ್ಮ ಊರಿನ ನಾಗಬನಗಳನ್ನು ಒಂದೊಂದಾಗಿ ಕಡಿದು ಸಿಮೆಂಟಿನ ಕಟ್ಟೆ ಕಟ್ಟುತ್ತಿರುವುದನ್ನು ನೋಡಿರುವ ನನಗೆ ಅಲ್ಲಿಂದ ಬೇಗ ಹೊರಡಲು ಮನಸ್ಸಾಗಲಿಲ್ಲ.

ಎರಡನೆಯದು ವಲಿಯಪರಂಬದ ಕಡಲ ಬದಿ. ಚೊಕ್ಕ ಮರಳು, ಜನವಿಲ್ಲ, ದಕ್ಷಿಣಕ್ಕೆ ನೌಕಾಪಡೆಯ ಅಕಾಡೆಮಿ ಇರುವ ಏಳಿಮಲೆಯ ಬೆಟ್ಟ ನೀಲಿಯಾಗಿ ಕಾಣುತ್ತದೆ. ಈ ಬದಿಯಲ್ಲಿ ನೀರಿಗೆ ಇಳಿಯಲು ಬಿಡಲಿಲ್ಲ, ಬಿಡಬಾರದು. ಹಿಂತಿರುಗುವಾಗ ಇಳಿತ ಪೂರ್ತಿಯಾಗುತ್ತಾ ಬಂದಿತ್ತು. ಬೆಳಿಗ್ಗೆ ನೀರಿದ್ದಲ್ಲಿ ಮರಳು ಎದ್ದಿತ್ತು, ಹೆಂಗಸರು ಬುಟ್ಟಿ ಹಿಡಿದು ಮರುವಾಯಿ ಚಿಪ್ಪು ಹೆಕ್ಕುತ್ತಿದ್ದರು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳು ಕೆಸರಿನಿಂದ ಹೊರಗೆ ಬಂದಿದ್ದವು.

ಸುರಕ್ಷತೆಯ ವಿಷಯಕ್ಕೆ ಬರುತ್ತೇನೆ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಕತ್ತಲಾದ ಮೇಲೆ ಮಿತಿಮೀರಿ ಜನ ತುಂಬಿಕೊಂಡು ಹೋದ ಪ್ರವಾಸಿ ದೋಣಿ ಮಗುಚಿ 22 ಮಂದಿ ತೀರಿಕೊಂಡರು. ಅವರಲ್ಲಿ ಅನೇಕರು ಮಕ್ಕಳು. ಆ ಬಳಿಕ ಜಾಕೆಟ್ ಎಣಿಸದೆ ನಾನು ಯಾವ ದೋಣಿಯನ್ನೂ ಹತ್ತುವುದಿಲ್ಲ. ಇಲ್ಲಿ ದೊಡ್ಡವರಿಗೆ ಸಾಕಷ್ಟಿದ್ದವು. ಮಕ್ಕಳ ಅಳತೆಯವು ನಮ್ಮ ಮಕ್ಕಳ ಸಂಖ್ಯೆಗಿಂತ ಕಡಿಮೆ ಇದ್ದವು. ತಾಂಡೇಲರು ಪಕ್ಕದ ದೋಣಿಯಿಂದ ತರಿಸಿದ ಮೇಲೆಯೇ ಹಗ್ಗ ಬಿಚ್ಚಿದೆವು. ಸುರಕ್ಷತಾ ಸೂಚನೆಗಳ ಫಲಕ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕಾಸರಗೋಡಿನಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ನಮ್ಮ ಮನೆಯ ಹಿರಿಯರಲ್ಲಿ ಎಷ್ಟೋ ಮಂದಿಗೆ ಈ ಎರಡೂ ಲಿಪಿ ಓದಲು ಬರುವುದಿಲ್ಲ. ಮುಳುಗುವ ಹೊತ್ತಿಗೆ ಏನು ಮಾಡಬೇಕೆಂಬ ಮಾತು ಅವರಿಗೂ ಓದಲು ಸಿಗಬೇಕು. ಫಲಕದ ಒಕ್ಕಣೆಯನ್ನು ಕನ್ನಡದಲ್ಲಿ ಬರೆದು ಕಳುಹಿಸುತ್ತೇನೆಂದು ಹೇಳಿ ಬಂದಿದ್ದೇನೆ, ಕಳುಹಿಸುತ್ತೇನೆ.

ಇಡೀ ದೋಣಿಗೆ ಎಳನೀರು, ಊಟ, ಸಂಜೆಯ ಚಹಾ, ಪಳಂಪೊರಿ (ಬಾಳೆಹಣ್ಣಿನ ಪೋಡಿ) ಎಲ್ಲ ಸೇರಿ 14,000 ರೂಪಾಯಿ ಕೊಟ್ಟೆವು. ಹಂಚಿಕೊಂಡರೆ ಇದು ದುಬಾರಿಯಲ್ಲ. ದೋಣಿಯ ಹೆಸರು ಬರೆಯುತ್ತಿಲ್ಲ, ಏಕೆಂದರೆ ತಾಂಡೇಲರು ಒಂದು ದೋಣಿಯಿಂದ ಇನ್ನೊಂದಕ್ಕೆ ಹೋಗುತ್ತಿರುತ್ತಾರೆ. ಹೆಸರು ನೋಡಿ ಹೋದರೆ ಅದೇ ಮನುಷ್ಯ ಸಿಗುತ್ತಾರೆಂಬ ಭರವಸೆ ಇಲ್ಲ. ಕೇಳಬೇಕಾದ ಪ್ರಶ್ನೆ ಮಾತ್ರ ಎಲ್ಲ ದೋಣಿಗೂ ಒಂದೇ. ಹೆದ್ದಾರಿಯ ಕಾಮಗಾರಿ, ಧೂಳು ಬೇಡವೆನ್ನುವವರು ರೈಲಿನಲ್ಲಿ ನೀಲೇಶ್ವರಕ್ಕೆ ಹೋಗಿ ಆಟೋ ಹಿಡಿಯಬಹುದು. ಸಣ್ಣ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಹುಣ್ಣಿಮೆ, ಅಮಾವಾಸ್ಯೆಯ ಸುತ್ತಿನ ದಿನಗಳನ್ನು ಬಿಟ್ಟು ಅಷ್ಟಮಿಯ ಆಸುಪಾಸಿನಲ್ಲಿ ಹೋಗಿ. ಆಗ ಏರಿಳಿತ ಕಡಿಮೆ, ಸೆಳೆತವೂ ಕಡಿಮೆ. ಈಜಲು ಇನ್ನಷ್ಟು ಹೊತ್ತು ಸಿಗುತ್ತದೆ.