ಬೋನ್ಸಾಯ್ ಉಪಕರಣ: ಯಾವುದಕ್ಕೆ ಜಪಾನ್, ಯಾವುದಕ್ಕೆ ನಮ್ಮೂರ ಕುಲುಮೆ

ರೆಕ್ಸಿನ್ ಚೀಲದಲ್ಲಿ ಸುರುಳಿ ಸುತ್ತಿ ಮಾರುವ ‘ಬೋನ್ಸಾಯ್ ಸೆಟ್’ ಬೇಡ. ಈ ತೀರ್ಪನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನಿಧಾನವಾಗಿ ಮಾತಾಡಬಹುದು. ಅಂಥ ಸೆಟ್ಟಿನಲ್ಲಿ ದಿನವೂ ಕೈಗೆ ಬರುವುದು ಎರಡೋ ಮೂರೋ, ಮಿಕ್ಕದ್ದೆಲ್ಲ ಚೀಲದ ತೂಕ. ದೇಶದಲ್ಲೇ ಮಾಡಿದ್ದು ಕೊಳ್ಳಬೇಕೇ, ಆಮದಿನದೇ ಎಂಬ ಪ್ರಶ್ನೆಗೂ ಸೆಟ್ಟಿನ ಲೆಕ್ಕದಲ್ಲಿ ಉತ್ತರ ಸಿಗುವುದಿಲ್ಲ. ಒಂದೊಂದು ಉಪಕರಣಕ್ಕೂ ಉತ್ತರ ಬೇರೆ. ಎರಡು ಅಲಗುಗಳು ಸಂದಿಲ್ಲದೆ ಕೂಡಬೇಕಾದ ಕಡೆ ದುಡ್ಡು ಸುರಿಯಿರಿ. ಮಿಕ್ಕ ಕಡೆ ಊರಿನ ಕುಲುಮೆ, ಮೋಟಾರ್ ವೈಂಡಿಂಗ್ ಅಂಗಡಿ, ಹಳೆ ಹೆಂಚಿನ ರಾಶಿ ಸಾಕು. ಕೆಲವು ಕಡೆ ಜಪಾನಿನದಕ್ಕಿಂತ ಅವೇ ವಾಸಿ.

ನನ್ನದು ಬೆಂಗಳೂರಿನ ತಾರಸಿ. ಹೆಚ್ಚಿನವು ಆಲ, ಗೋಣಿ, ಪಿಲಾಲದಂಥ ಫೈಕಸ್‌ಗಳು. ಜೊತೆಗೆ ಹುಣಸೆ, ಕಾಗದದ ಹೂ. ಪೈನ್, ಜುನಿಪರ್ ಒಂದೂ ಇಲ್ಲ. ಇದನ್ನು ಹೇಳಲು ಕಾರಣವಿದೆ. ಫೈಕಸ್ಸಿನ ಟೊಂಗೆ ಕತ್ತರಿಸಿದರೆ ಹಾಲು ಸುರಿಯುತ್ತದೆ, ಅದು ಅಲಗಿಗೆ ಅಂಟಿ, ಒಣಗಿ, ಕೀಲಿನೊಳಗೆ ಇಳಿದು ಎಂಥ ದುಬಾರಿ ಕತ್ತರಿಯನ್ನೂ ಬಿಗಿ ಹಿಡಿಸುತ್ತದೆ. ಆದ್ದರಿಂದ ನನ್ನ ಅನುಭವ ಫೈಕಸ್ ಬೆಳೆಸುವವರದು. ಊಟಿಯಲ್ಲೋ ಶಿಮ್ಲಾದಲ್ಲೋ ಜುನಿಪರ್ ಸಾಕುವವರು ಸ್ವಲ್ಪ ಕಳೆದು ಕೂಡಿ ಓದಿಕೊಳ್ಳಬೇಕು.

ಕಾನ್ಕೇವ್ ಕಟರ್: ಜಗಳವಿರುವುದೇ ಇಲ್ಲಿ

ಕಾನ್ಕೇವ್ ಕಟರ್ ಎಂದರೆ ಬಾಗಿದ ಬಾಯಿಯಿಂದ ಟೊಂಗೆ ಕಚ್ಚಿ ತೆಗೆಯುವ ಇಕ್ಕಳದಂಥ ಕತ್ತರಿ. ಬೋನ್ಸಾಯ್‌ಗೆಂದೇ ಹುಟ್ಟಿದ, ಬೇರೆ ಯಾವ ತೋಟದ ಕತ್ತರಿಯೂ ತುಂಬಲಾಗದ ಜಾಗ ಇದೊಂದರದೇ. ಟೊಂಗೆಯನ್ನು ಕಾಂಡಕ್ಕೆ ತಾಗಿದಂತೆ ಕಚ್ಚಿ ತೆಗೆದಾಗ ಗಾಯ ಸಪಾಟಾಗಿರುವುದಿಲ್ಲ, ಒಳಕ್ಕೆ ಕೊಂಚ ತಗ್ಗಾಗಿರುತ್ತದೆ. ಸುತ್ತಲಿಂದ ಕ್ಯಾಲಸ್, ಅಂದರೆ ಗಾಯ ಮುಚ್ಚಲು ಮರ ಬೆಳೆಸುವ ಹೊಸ ಪದರ, ಉಬ್ಬಿಕೊಂಡು ಬಂದು ಆ ತಗ್ಗು ತುಂಬಿ ಕಾಂಡಕ್ಕೆ ಸಮವಾಗುತ್ತದೆ. ಸಪಾಟಾಗಿ ಕತ್ತರಿಸಿದರೆ ಅದೇ ಕ್ಯಾಲಸ್ ಗಂಟಾಗಿ ನಿಲ್ಲುತ್ತದೆ.

ನಾನು ಪಕ್ಕಪಕ್ಕದಲ್ಲಿಟ್ಟು ಬಳಸಿದ್ದು ಮೂರನ್ನು. ಒಂದು ಪಂಜಾಬಿನಲ್ಲಿ ಮಾಡಿದ, ಬಡಿದು ರೂಪಿಸಿದ ಕಾರ್ಬನ್ ಸ್ಟೀಲಿನ ಎಂಟಿಂಚಿನದು. ಎರಡನೆಯದು ಆನ್‌ಲೈನ್‌ನಲ್ಲಿ ‘ಜಪಾನೀಸ್ ಸ್ಟೈಲ್’ ಎಂದು ಮಾರುವ, ಎಲ್ಲಿ ಮಾಡಿದ್ದೆಂದು ಡಬ್ಬಿಯ ಮೇಲೆ ಬರೆಯದ ಹೊಳೆಯುವ ಕಟರ್. ಮೂರನೆಯದು ಜಪಾನಿನದೇ, ಮಧ್ಯಮ ದರ್ಜೆಯದು; ಪಂಜಾಬಿನದರ ಐದಾರು ಪಟ್ಟು ಬೆಲೆ.

ಹೊಳೆಯುವುದನ್ನು ಬೇಗ ಮುಗಿಸುತ್ತೇನೆ. ಬಾಯಿ ಮುಚ್ಚಿ ಬೆಳಕಿಗೆ ಹಿಡಿದರೆ ನಡುವೆ ಗೆರೆಯಂತೆ ಬೆಳಕು ಕಂಡಿತು. ಬೆಳಕು ತೂರುವ ಕಡೆ ಟೊಂಗೆ ತುಂಡಾಗುವುದಿಲ್ಲ, ಜಜ್ಜಿಹೋಗುತ್ತದೆ. ಹುಣಸೆಯಂಥ ಗಟ್ಟಿ ಮರಕ್ಕೆ ಹಾಕಿದಾಗ ಅಲಗಿನ ಅಂಚು ಮಡಚಿಕೊಂಡಿತು. ಈಗ ಅದರಿಂದ ಸತ್ತ ಬೇರು ಕೀಳುತ್ತೇನೆ.

ಪಂಜಾಬಿನದರ ಕಥೆ ಹಾಗಲ್ಲ. ಉಕ್ಕು ಒಳ್ಳೆಯದು, ಹದ ಸರಿಯಾಗಿದೆ, ಹುಣಸೆಯನ್ನು ಅಳುಕದೆ ಕಚ್ಚುತ್ತದೆ. ಕೊರತೆ ಇರುವುದು ಕೊನೆಯ ಕೆಲಸದಲ್ಲಿ. ಒಳಬದಿಯಲ್ಲಿ ಗ್ರೈಂಡಿಂಗ್ ಚಕ್ರದ ಗೀರುಗಳು ಹಾಗೇ ಉಳಿದಿದ್ದವು. ಆ ಗೀರುಗಳಲ್ಲೇ ಆಲದ ಹಾಲು ಕೂರುತ್ತದೆ, ತುಕ್ಕು ಶುರುವಾಗುವುದೂ ಅಲ್ಲಿಂದಲೇ. ಒಂದು ಮೂಲೆಯಲ್ಲಿ ಬಾಯಿ ಸ್ವಲ್ಪ ತೆರೆದಿತ್ತು. ನಯವಾದ ಕಾರ್ಬೊರಂಡಮ್ ಕಲ್ಲಿನ ಮೇಲೆ, ಓರೆ ಇರುವ ಬದಿಯನ್ನು ಮಾತ್ರ, ಎಣ್ಣೆ ಹಾಕಿ ಒಂದು ಸಂಜೆ ತೀಡಿದ ಮೇಲೆ ಕೂಡಿಕೊಂಡಿತು. ಅದೇ ತಯಾರಕರ ಇನ್ನೊಂದು ಕಟರನ್ನು ಗೆಳೆಯರೊಬ್ಬರು ತಂದರು. ಅದಕ್ಕೆ ತೀಡುವ ಅಗತ್ಯವೇ ಬೀಳಲಿಲ್ಲ. ದೇಶಿ ಕಟರ್‌ಗಳ ಬಗ್ಗೆ ನನ್ನ ದೂರು ಇಷ್ಟೇ: ಗುಣ ಕಡಿಮೆಯಲ್ಲ, ಒಂದರ ಹಾಗೆ ಇನ್ನೊಂದಿರುವುದಿಲ್ಲ. ಆದ್ದರಿಂದ ಇದನ್ನು ಚಿತ್ರ ನೋಡಿ ತರಿಸಬಾರದು, ಕೈಯಲ್ಲಿ ಹಿಡಿದು ಆರಿಸಬೇಕು. ಬೆಳಕಿಗೆ ಹಿಡಿಯಿರಿ. ತೆಳು ಕಾಗದವನ್ನು ಬಾಯಿಯ ಎರಡು ಮೂಲೆಗಳಲ್ಲೂ ನಡುವಿನಲ್ಲೂ ಕತ್ತರಿಸಿ ನೋಡಿ. ಹಿಡಿಗಳನ್ನು ಅಡ್ಡಡ್ಡ ಅಲುಗಿಸಿ. ಕೀಲು ಕಟಕಟ ಅಂದರೆ ವಾಪಸ್ ಇಡಿ. ಕೀಲಿನ ಸಡಿಲ ಕಲ್ಲಿನಿಂದ ಸರಿಹೋಗುವುದಿಲ್ಲ.

ಜಪಾನಿನದು? ಅದರ ಬಗ್ಗೆ ಹೇಳಲು ಕಡಿಮೆ ಇದೆ, ಅದೇ ಅದರ ಹೆಚ್ಚುಗಾರಿಕೆ. ಡಬ್ಬಿಯಿಂದ ತೆಗೆದು ಕೆಲಸಕ್ಕೆ ಹಚ್ಚಿದೆ. ಹಿಡಿ ಹಗುರ, ತೆರೆದು ಮುಚ್ಚುವಾಗ ಎಲ್ಲೂ ತಡೆಯುವುದಿಲ್ಲ, ಗಾಯ ಕನ್ನಡಿಯಂತೆ ನುಣುಪು. ಆದರೆ ಬೆರಳು ಗಾತ್ರದ ಪಿಲಾಲದ ಟೊಂಗೆಗಳನ್ನು ಒಂದೇ ಗಿಡದಲ್ಲಿ ಎರಡು ಕಟರ್‌ಗಳಿಂದಲೂ ತೆಗೆದು ನೋಡಿದ್ದೇನೆ. ಮುಂದಿನ ಮಳೆಗಾಲದ ಹೊತ್ತಿಗೆ, ತೀಡಿದ ಪಂಜಾಬಿನದು ಮಾಡಿದ ಗಾಯ ಯಾವುದು, ಜಪಾನಿನದು ಯಾವುದು ಎಂದು ಗುರುತಿಸಲು ನನಗೇ ಆಗಲಿಲ್ಲ. ಫೈಕಸ್ ಅಷ್ಟು ಬೇಗ ಗಾಯ ಮುಚ್ಚಿಕೊಳ್ಳುವ ಮರ. ಕಲ್ಲಿನ ಮುಂದೆ ಕೂರುವ ತಾಳ್ಮೆ ಇದ್ದವರಿಗೆ ದೇಶಿಯದು ಸಾಕು. ಇಲ್ಲದವರು ಇದೊಂದನ್ನು ಮಾತ್ರ ಜಪಾನಿನದು ತೆಗೆದುಕೊಳ್ಳಲಿ.

ಯಾವುದೇ ಆಗಲಿ, ಬೀದಿಯಲ್ಲಿ ಚಕ್ರ ತಿರುಗಿಸಿಕೊಂಡು ಬರುವ ಸಾಣೆಯವರ ಕೈಗೆ ಕೊಡಬೇಡಿ. ಈಳಿಗೆ ಮಣೆ, ಅಡುಗೆ ಚಾಕುವಿಗೆ ಅವರ ಕೈ ಎತ್ತಿದ್ದು. ಆದರೆ ವೇಗದ ಚಕ್ರದ ಬಿಸಿಗೆ ತೆಳು ಅಂಚಿನ ಹದ ಹೋಗುತ್ತದೆ, ಎರಡು ಬಾಯಿಯ ಕೂಡುವಿಕೆಯೂ ಕೆಡುತ್ತದೆ. ಹಾಗೆಯೇ ಕಟರಿನಿಂದ ವೈರ್ ಕತ್ತರಿಸುವುದೂ ಬೇಡ. ಇದನ್ನು ಎಲ್ಲರೂ ಹೇಳುತ್ತಾರೆ, ಎಲ್ಲರೂ ಒಮ್ಮೆ ಮಾಡುತ್ತಾರೆ.

ಕತ್ತರಿ: ಮೀರತ್‌ನ ಕಡೆಗೆ ನನ್ನ ಒಲವು

ಚಿಗುರು, ಎಲೆ, ಸಣ್ಣ ಕಡ್ಡಿಗೆ ಬೇಕಾದ ಕತ್ತರಿಯಲ್ಲಿ ಆಮದಿನ ಮೋಹ ನನಗೆ ಅರ್ಥವಾಗುವುದಿಲ್ಲ. ಮೀರತ್‌ನಲ್ಲಿ ತಲೆಮಾರುಗಳಿಂದ ಕತ್ತರಿ ಮಾಡುತ್ತಾರೆ. 2013ರಲ್ಲಿ ಮೀರತ್ ಕತ್ತರಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಹಳೆ ವಾಹನಗಳ ಗುಜರಿ ಉಕ್ಕಿನಿಂದ ಅಲಗು ಬಡಿಯುತ್ತಾರೆ. ಸವೆದರೆ ಮತ್ತೆ ಸಾಣೆ ಹಿಡಿಸಿ ಬಳಸುವಂತೆಯೇ ಅದನ್ನು ಮಾಡಿರುವುದು. ದರ್ಜಿಗಳು ಬಳಸುವ ಉದ್ದ ಅಲಗಿನದು ನಮಗೆ ಆಗದು, ಟೊಂಗೆಗಳ ನಡುವೆ ತೂರುವುದಿಲ್ಲ. ಅಲಗು ಗಿಡ್ಡ, ಹಿಡಿ ಉದ್ದ ಇರುವುದನ್ನು ಹುಡುಕಬೇಕು.

ಅದನ್ನೂ ಜಪಾನಿನ ಚಿಗುರು ಕತ್ತರಿಯನ್ನೂ ಎಡಬಲ ಇಟ್ಟುಕೊಂಡು ಆಲದ ಎಲೆ ತೆಗೆದಿದ್ದೇನೆ. ಜಪಾನಿನ ಹಿಡಿಯ ಉಂಗುರ ದೊಡ್ಡದು, ಇಡೀ ದಿನ ಕೆಲಸ ಮಾಡಿದರೂ ಹೆಬ್ಬೆರಳು ನೋಯುವುದಿಲ್ಲ. ಮೀರತ್‌ನದು ಮಧ್ಯಾಹ್ನದ ಹೊತ್ತಿಗೆ ಕೆಂಪು ಗುರುತು ಮೂಡಿಸುತ್ತದೆ. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ ಮೇಲೆ ಆ ತೊಂದರೆ ಹೋಯಿತು. ಕತ್ತರಿಸುವುದರಲ್ಲಿ ಎರಡಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸವಿಲ್ಲ. ಹಾಲಿನ ಅಂಟು ಎರಡಕ್ಕೂ ಒಂದೇ. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಕೀಲಿಗೆ. ಜಪಾನಿನವರು ಕ್ಯಾಮೆಲಿಯಾ ಎಣ್ಣೆ ಸವರುತ್ತಾರೆ. ನಮ್ಮ ಮೆಷಿನ್ ಎಣ್ಣೆಗೆ ಅದಕ್ಕಿಂತ ಏನು ಕಡಿಮೆ ಎಂದು ನನಗೆ ಇನ್ನೂ ಗೊತ್ತಾಗಿಲ್ಲ.

ಬೇರು ಕತ್ತರಿಸುವುದಕ್ಕೆ ಮಾತ್ರ ಬೇರೆಯೇ ಕತ್ತರಿ ಇರಲಿ, ಅದೂ ಅಗ್ಗದ್ದು. ಮಣ್ಣಿನ ಕಾಳು ಎಂಥ ಅಲಗನ್ನೂ ಮೊಂಡು ಮಾಡುತ್ತದೆ.

ಬೇರು ಬಿಡಿಸುವ ಕೊಕ್ಕೆಗೆ ಹೋಲಿಕೆಯೇ ಬೇಡ. ಕುಲುಮೆಗೆ ಹೋಗಿ ಲಾರಿಯ ಕಮಾನು ಪಟ್ಟಿಯ ತುಂಡು ಕೊಟ್ಟು ಬೇಕಾದಷ್ಟು ಬಾಗಿಸಿಕೊಂಡು ಬನ್ನಿ. ಮಚ್ಚು, ಕುಡುಗೋಲು ಬಡಿಯುವ ಕೈಗೆ ಅದು ಚಹಾ ಆರುವಷ್ಟರ ಕೆಲಸ. ಸೆಟ್ಟಿನಲ್ಲಿ ಬರುವ ಕೊಕ್ಕೆ ಮೊದಲ ಗಟ್ಟಿ ಬೇರಿಗೇ ನೆಟ್ಟಗಾಗುತ್ತದೆ.

ವೈರ್: ಉತ್ತರ ವೈಂಡಿಂಗ್ ಅಂಗಡಿಯಲ್ಲಿತ್ತು

ಟೊಂಗೆಗೆ ಸುತ್ತಿ ಬೇಕಾದ ಆಕಾರಕ್ಕೆ ಬಾಗಿಸಲು ಬಳಸುವುದು ವೈರ್. ಕಂದು ಬಣ್ಣದ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ವೈರನ್ನು ಆಮದಿನದೂ ದೇಶದ್ದೂ ಬಳಸಿದ್ದೇನೆ. ಮೃದುತ್ವ ಒಂದೇ. ದೇಶಿ ಸುರುಳಿಗಳಲ್ಲಿ ಕೆಲವದರ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಅಷ್ಟೇ. ಗಿಡಕ್ಕೆ ಅದರಿಂದೇನೂ ಆಗುವುದಿಲ್ಲ. ಕೊಳ್ಳುವ ಮುನ್ನ ತುದಿಯನ್ನು ಬೆರಳಿಗೆ ಸುತ್ತಿ ಬಿಡಿ. ಸುತ್ತಿದಂತೆಯೇ ನಿಂತರೆ ಸರಿ, ಸ್ಪ್ರಿಂಗಿನ ಹಾಗೆ ಬಿಚ್ಚಿಕೊಂಡರೆ ಅದು ಹದಗೊಳಿಸದ ವಿದ್ಯುತ್ ವೈರ್. ಬೇಲಿಯ ಜಿಐ ತಂತಿಯ ಮಾತೇ ಬೇಡ.

ತಾಮ್ರದಲ್ಲಿ ಮಾತ್ರ ದೇಶಿಯದೇ ಗೆದ್ದಿತು, ಅದೂ ಬೋನ್ಸಾಯ್‌ಗೆ ಸಂಬಂಧವೇ ಇಲ್ಲದ ಅಂಗಡಿಯಿಂದ. ಪಂಪ್‌ಸೆಟ್ ಮೋಟಾರ್ ಸುಟ್ಟರೆ ರೀವೈಂಡಿಂಗ್ ಮಾಡಿಕೊಡುವ ಅಂಗಡಿ ಪ್ರತಿ ತಾಲ್ಲೂಕಿನಲ್ಲೂ ಇದೆ. ಅಲ್ಲಿ ಬಳಸುವ ಎನಾಮಲ್ ಲೇಪದ ತಾಮ್ರದ ತಂತಿ ಕಾರ್ಖಾನೆಯಲ್ಲೇ ಕಾಯಿಸಿ ಮೃದು ಮಾಡಿದ್ದು. ಬಣ್ಣ ಕೆಂಗಂದು, ತೊಗಟೆಯ ಮೇಲೆ ಕಣ್ಣಿಗೆ ಹೊಡೆಯುವುದಿಲ್ಲ. ಗೇಜ್ ಹೇಳಿ ತೂಕದಲ್ಲಿ ಕೊಳ್ಳಬಹುದು: 14ನೇ ಗೇಜ್ ಎಂದರೆ ಹೆಚ್ಚುಕಡಿಮೆ 2 ಮಿ.ಮೀ., 16 ಎಂದರೆ 1.6, 18 ಎಂದರೆ 1.2. ಬೋನ್ಸಾಯ್‌ಗೆಂದೇ ಮಾರುವ ಹದ ಮಾಡಿದ ತಾಮ್ರಕ್ಕೂ ಇದಕ್ಕೂ ನನ್ನ ಕೈಗೆ ಭೇದ ತಿಳಿಯಲಿಲ್ಲ, ಬೆಲೆಯಲ್ಲಿ ಮಾತ್ರ ಚೆನ್ನಾಗಿ ತಿಳಿಯಿತು.

ಹಾಗೆಂದು ಎಲ್ಲಕ್ಕೂ ತಾಮ್ರವಲ್ಲ. ತಾಮ್ರದ ಸಾಂದ್ರತೆ ಅಲ್ಯೂಮಿನಿಯಂನ ಮೂರು ಪಟ್ಟಿಗೂ ಹೆಚ್ಚು, ಅಂದರೆ ಒಂದೇ ಕಿಲೋಗೆ ಸಿಗುವ ಉದ್ದ ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಹಿಡಿತ ಗಟ್ಟಿಯಾದ್ದರಿಂದ ತೆಳ್ಳಗಿನದು ಸಾಕಾಗುತ್ತದೆ, ನಿಜ. ಆದರೆ ಒಮ್ಮೆ ಬಾಗಿಸಿದರೆ ಗಟ್ಟಿಯಾಗುತ್ತದೆ, ತಪ್ಪಾಗಿ ಸುತ್ತಿದರೆ ತಿದ್ದಲು ಅವಕಾಶ ಕಡಿಮೆ. ತೆಳು ಟೊಂಗೆಗೆ ತಾಮ್ರ, ದಪ್ಪದ್ದಕ್ಕೆ ಅಲ್ಯೂಮಿನಿಯಂ, ಕಲಿಯುವವರಿಗೆ ಅಲ್ಯೂಮಿನಿಯಂ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫೈಕಸ್ಸಿಗೆ ಸುತ್ತಿದ ವೈರ್ ಯಾವುದೇ ಇರಲಿ, ವಾರವಾರ ನೋಡುತ್ತಿರಬೇಕು. ಆ ತಿಂಗಳುಗಳಲ್ಲಿ ಕಾಂಡ ಊದುವ ವೇಗಕ್ಕೆ ವೈರ್ ತೊಗಟೆಯೊಳಗೆ ಹೂತುಹೋಗುತ್ತದೆ.

ಮಣ್ಣು: ಅಕಡಾಮಾ ಎದುರು ಮಂಗಳೂರು ಹೆಂಚು

ಕುಂಡಕ್ಕೆ ಮಣ್ಣಾಗಿ ತುಂಬುವ, ಜಪಾನಿನ ಕಾಂಟೊ ಭಾಗದ ಅಕಡಾಮಾ ಜೇಡಿ ಕಾಳುಗಳಿಗೆ ಬೋನ್ಸಾಯ್ ಜಗತ್ತಿನಲ್ಲಿ ದೊಡ್ಡ ಹೆಸರು. ನೀರನ್ನೂ ಗಾಳಿಯನ್ನೂ ಹಿಡಿಯುತ್ತದೆ, ಗೊಬ್ಬರದ ಸತ್ವವನ್ನೂ. ಹೊರದೇಶದ ಮಣ್ಣು ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದಡಿ ಅನುಮತಿ ಬೇಕಾಗುತ್ತದೆ. ಇಲ್ಲಿ ಸಿಗುವ ಚೀಲ ದುಬಾರಿ. ಒಂದು ಚೀಲ ತಂದು ಒಂದು ಪಿಲಾಲಕ್ಕೆ ಹಾಕಿದೆ, ಅದರ ಜೊತೆಯ ಗಿಡಕ್ಕೆ ಹೆಂಚಿನ ಚೂರು. ಅಕಡಾಮಾದಲ್ಲಿ ತೆಳು ಬೇರುಗಳು ಚೆನ್ನಾಗಿ ಬಂದವು, ಇದನ್ನು ಒಪ್ಪಲೇಬೇಕು. ಆದರೆ ನಮ್ಮ ಮಳೆಗೆ, ದಿನವೂ ಹಾಕುವ ನೀರಿಗೆ ಕಾಳುಗಳು ಕರಗಿ ಕೆಸರಾಗತೊಡಗಿದವು. ಹೆಂಚಿನದು ಹಾಕಿದ ಹಾಗೇ ಇತ್ತು.

ಹೆಂಚು ಎಂದರೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಬೆಳೆದ ಉದ್ಯಮ ಅದು. ನದಿ ದಂಡೆಯ ಜೇಡಿಯನ್ನು ಚೆನ್ನಾಗಿ ಸುಟ್ಟಿರುತ್ತಾರೆ. ಹಳೆ ಮನೆ ಕೆಡವುವ ಕಡೆ ಒಡೆದ ಹೆಂಚು ಪುಕ್ಕಟೆ ಸಿಗುತ್ತದೆ. ಬಣ್ಣ ಬಳಿದದ್ದು ಬೇಡ. ಸುತ್ತಿಗೆಯಿಂದ ಒಡೆದು ಎರಡು ಜರಡಿ ಹಿಡಿದು 3ರಿಂದ 6 ಮಿ.ಮೀ. ಕಾಳನ್ನು ಉಳಿಸಿಕೊಳ್ಳಿ. ಪುಡಿಯನ್ನು ಮುಲಾಜಿಲ್ಲದೆ ಎಸೆಯಿರಿ. ಇದರ ಕೊರತೆ ಎರಡು. ಚೂರುಗಳು ಬಿಲ್ಲೆಯಂತೆ ಚಪ್ಪಟೆಯಾಗಿ ಒಡೆದು ಒಂದರ ಮೇಲೊಂದು ಮಲಗುತ್ತವೆ, ಹಾಗಾಗಿ ಇನ್ನೊಮ್ಮೆ ಒಡೆಯಬೇಕು. ಸತ್ವ ಹಿಡಿದಿಡುವ ಗುಣವೂ ಅಷ್ಟಕ್ಕಷ್ಟೆ. ಹೊಂಗೆ, ಬೇವಿನ ಹಿಂಡಿಯನ್ನು ಸ್ವಲ್ಪಸ್ವಲ್ಪವೇ ಆಗಾಗ ಕೊಡುತ್ತಿರಬೇಕು.

ಇಟ್ಟಿಗೆ ಚೂರಿನ ಕಾಳು ಹೆಂಚಿಗಿಂತ ಗುಂಡಗೆ, ಚೆಂದ. ಆದರೆ ಇಟ್ಟಿಗೆ ನಂಬಿಕಸ್ಥ ವಸ್ತುವಲ್ಲ. ಅರೆಬೆಂದದ್ದಾದರೆ ಒಂದೇ ಮಳೆಗಾಲಕ್ಕೆ ಮಣ್ಣಾಗುತ್ತದೆ. ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಬೆರಳಲ್ಲಿ ಉಜ್ಜಿ ನೋಡಿ, ಕರಗಿದರೆ ಗೋಡೆಗೇ ಇರಲಿ. ತೆಂಗಿನ ನಾರಿನ ಪುಡಿಯಾದ ಕೊಕೊಪೀಟ್ ಬಗ್ಗೆ ಒಂದೇ ಮಾತು: ಬೇಸಿಗೆಯಲ್ಲಿ ಗೆಳೆಯ, ಆಷಾಢದಲ್ಲಿ ವೈರಿ.

ಗಾಯಕ್ಕೆ ಹಚ್ಚುವ ಪೇಸ್ಟನ್ನು ಇದರ ಜೊತೆಗೇ ಹೇಳುತ್ತೇನೆ. ಜಪಾನಿನ ಪೇಸ್ಟ್ ಜಿಗುಟು, ಮಳೆಗೆ ಜಗ್ಗದು. ಅಡಿಕೆ ತೋಟದವರಿಗೆ ಗೊತ್ತಿರುವ ಬೋರ್ಡೋ ಪೇಸ್ಟ್, ಅಂದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರಿನ ಲೆಕ್ಕದ್ದು, ಅದರ ನೂರರಲ್ಲೊಂದು ಪಾಲು ಸಾಕು ನಮಗೆ. ಮಳೆಗೆ ತೊಳೆದುಹೋಗುತ್ತದೆ, ನೀಲಿ ಕಲೆ ಉಳಿಯುತ್ತದೆ. ಆದರೂ ಬೇಗ ಕೊಳೆಯುವ ಕಾಗದದ ಹೂವಿನ ಕಾಂಡಕ್ಕೆ ನಾನು ಬಳಸುವುದು ಇದನ್ನೇ, ಎರಡು ಮೂರು ಸಲ ಹಚ್ಚಿ. ಫೈಕಸ್ಸಿಗೆ ಏನೂ ಬೇಡ, ಅದರ ಹಾಲೇ ಅದರ ಪೇಸ್ಟ್.

ಕುಂಡ, ತುಕ್ಕು

ಉತ್ತರ ಪ್ರದೇಶದ ಖುರ್ಜಾದ ಗ್ಲೇಜ್ ಟ್ರೇಗಳೂ ಬೆಂಗಳೂರಿನ ಪಾಟರಿ ಟೌನಿನ ಸುಟ್ಟ ಮಣ್ಣಿನವೂ ನನಗೆ ಸಾಕು. ಜಪಾನಿನ ಟೊಕೊನಾಮೆಯ ಕುಂಡದ ಚೆಲುವು ಬೇರೆಯೇ, ಅದನ್ನು ಪ್ರದರ್ಶನಕ್ಕೆ ಇಡುವ ಗಿಡವಿದ್ದಾಗ ಯೋಚಿಸಿದರಾಯಿತು. ಖುರ್ಜಾದ್ದನ್ನು ಕೊಳ್ಳುವಾಗ ಅಂಗಡಿಯಲ್ಲೇ ಒಳಗೆ ಒಂದು ಲೋಟ ನೀರು ಸುರಿದು ನೋಡಿ. ಕೆಲವದರ ತಳ ಒಲೆಯಲ್ಲಿ ಜಗ್ಗಿರುತ್ತದೆ, ನೀರು ತೂತಿನ ಕಡೆ ಹರಿಯದೆ ಮೂಲೆಯಲ್ಲಿ ನಿಲ್ಲುತ್ತದೆ. ಅಂಥದ್ದರಲ್ಲಿ ಬೇರು ಕೊಳೆಯುವುದು ಖಚಿತ.

ಕರಾವಳಿಯವರಿಗೆ ನನ್ನ ಲೆಕ್ಕದಲ್ಲಿ ಒಂದು ತಿದ್ದುಪಡಿ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ ಉಡುಪಿ ಕಡೆ ಕಾರ್ಬನ್ ಸ್ಟೀಲ್ ಕಟರನ್ನು ಒಂದು ವಾರ ಮರೆತರೆ ಕೆಂಪಾಗುತ್ತದೆ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲಿಗೆ ಹೆಚ್ಚು ಕೊಡುವುದು ದಂಡವಲ್ಲ. ಅದರ ಅಂಚು ತೀಡುವುದು ಕೊಂಚ ಕಷ್ಟ, ಆದರೆ ಆಷಾಢ ಕಳೆದು ತೆರೆದಾಗ ಕೀಲು ತಿರುಗುತ್ತದೆ. ದೇಶಿ ಸ್ಟೇನ್‌ಲೆಸ್ ಕಟರ್‌ಗಳಲ್ಲಿ ನಾನು ಕೈಯಲ್ಲಿ ಹಿಡಿದು ನೋಡಿದವು ಮೆತ್ತಗಿದ್ದವು. ಅಲ್ಲಿ ಮಾತ್ರ ಸದ್ಯಕ್ಕೆ ನನ್ನ ಮತ ಜಪಾನಿಗೆ. ಗಂಟು ಕಚ್ಚಿ ತೆಗೆಯುವ ನಾಬ್ ಕಟರ್ ಅಂತೂ, ಹಳೆ ಗಂಟುಗಳಿರುವ ದಪ್ಪ ಕಾಂಡ ಸಿಗುವವರೆಗೆ ಯಾವ ದೇಶದ್ದೂ ಬೇಡ.