ಜಾರ್ಜ್–ಟ್ಯಾಮಿಯೋ, ಕಾನ್‌ವೇ–ಲೊರೆಟಾನೋ?

ಹಳೆಯ ಅಮೆರಿಕನ್ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಸಂಗೀತ) ಯುಗಳಗೀತೆ ಕೇಳಬೇಕು, ಯಾರಿಂದ ಶುರು ಮಾಡಲಿ ಅಂತೀರಾ? ನಿಮಗೆ ಬೇಕಾಗಿರುವುದು ಮುರಿದ ಮದುವೆಯ ನೋವೋ, ಕದ್ದುಮುಚ್ಚಿದ ಪ್ರೀತಿಯೋ, ಅದನ್ನು ಮೊದಲು ನೋಡಿಕೊಳ್ಳಿ.

ನೋವೇ ಬೇಕಾದರೆ ಜಾರ್ಜ್ ಜೋನ್ಸ್ ಮತ್ತು ಟ್ಯಾಮಿ ವೈನೆಟ್. ಇವರು ನಿಜಜೀವನದಲ್ಲೂ ಗಂಡ ಹೆಂಡತಿ, 1969ರಲ್ಲಿ ಮದುವೆ, 1975ರಲ್ಲಿ ವಿಚ್ಛೇದನ. ಆಮೇಲೂ ಜೊತೆಗೆ ಹಾಡಿದರು! 1976ರ 'ಗೋಲ್ಡನ್ ರಿಂಗ್' ಕೇಳಿ. ಶಿಕಾಗೋದ ಗಿರವಿ ಅಂಗಡಿಯಲ್ಲಿ ಪ್ರೇಮಿಗಳಿಬ್ಬರು ಮದುವೆಯ ಉಂಗುರ ಕೊಳ್ಳುತ್ತಾರೆ, ಮದುವೆಯಾಗುತ್ತಾರೆ, ಜಗಳವಾಡಿ ದೂರವಾಗುತ್ತಾರೆ, ಕೊನೆಗೆ ಆ ಉಂಗುರ ಮತ್ತೆ ಗಿರವಿ ಅಂಗಡಿಯಲ್ಲೇ ಕೂತಿರುತ್ತದೆ. ಈಗಷ್ಟೇ ಬೇರೆಯಾದ ಇಬ್ಬರು ಇದನ್ನು ಹಾಡುತ್ತಿದ್ದಾರೆ ಅಂತ ಗೊತ್ತಿದ್ದು ಕೇಳಿದರೆ ಗಂಟಲು ಕಟ್ಟುತ್ತದೆ.

ಕದ್ದುಮುಚ್ಚಿದ ಪ್ರೀತಿ ಬೇಕಾದರೆ ಕಾನ್‌ವೇ ಟ್ವಿಟಿ ಮತ್ತು ಲೊರೆಟಾ ಲಿನ್. ಇವರು ದಂಪತಿಯಲ್ಲ, ಸುಮ್ನೆ ಒಳ್ಳೆಯ ಸ್ನೇಹಿತರು. ಆದರೂ 1971ರ 'ಆಫ್ಟರ್ ದ ಫೈರ್ ಈಸ್ ಗಾನ್' ಕೇಳಿದರೆ ನಂಬುವುದು ಕಷ್ಟ. ಮನೆಯಲ್ಲಿ ಪ್ರೀತಿ ಆರಿಹೋದವರು ಹೊರಗೆ ಬೆಚ್ಚಗಿನ ಪ್ರೀತಿ ಹುಡುಕುವ ಹಾಡು ಅದು. ಅದಕ್ಕೆ ಗ್ರ್ಯಾಮಿ ಸಂಗೀತ ಪ್ರಶಸ್ತಿಯೂ ಬಂತು. 1971ರಿಂದ 1975ರವರೆಗೆ ಇವರ ಐದು ಯುಗಳಗೀತೆಗಳು ಸಾಲಾಗಿ ಅಮೆರಿಕದ ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನ ಹಿಡಿದವು. ಇವರಲ್ಲಿ ತುಂಟತನವೂ ಜಾಸ್ತಿ, 'ಲೂಸಿಯಾನಾ ವುಮನ್, ಮಿಸಿಸಿಪಿ ಮ್ಯಾನ್' ಕೇಳುತ್ತಾ ಕಾಲು ಸುಮ್ಮನಿರುವುದಿಲ್ಲ.

ದನಿಯ ವಿಷಯಕ್ಕೆ ಬಂದರೆ ನನಗೆ ಜಾರ್ಜ್ ಮುಂದೆ ಯಾರೂ ಇಲ್ಲ. ಆದರೆ ಮೊದಲ ಸಲ ಕೇಳುವವರಿಗೆ ನಾನು ಕೊಡುವುದು ಕಾನ್‌ವೇ–ಲೊರೆಟಾ. 'ಗೋಲ್ಡನ್ ರಿಂಗ್' ರಾತ್ರಿಗೆ ಇಟ್ಟುಕೊಳ್ಳಿ.