ಒಳಾಂಗಣ ಆಟಕ್ಕೆ ಕೈಹೊಲಿಗೆಯ ಫುಟ್ಸಾಲ್ ಚೆಂಡು

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಕ್ರೀಡಾ ಸಾಮಗ್ರಿ ಅಂಗಡಿಯೊಂದರಲ್ಲಿ ಕೊಂಡ, ಜಲಂಧರ್‌ನಲ್ಲಿ ತಯಾರಾದ ಈ ಫುಟ್ಸಾಲ್ (ಒಳಾಂಗಣದ ಸಣ್ಣ ಅಂಕಣದಲ್ಲಿ ಆಡುವ ಫುಟ್ಬಾಲ್) ಚೆಂಡಿನಿಂದ ನಮ್ಮ ಬಡಾವಣೆಯ ಹುಡುಗರು ಬೇಸಿಗೆಯುದ್ದಕ್ಕೂ ಒಳಾಂಗಣದ ಸಿಮೆಂಟ್ ನೆಲದ ಮೇಲೆ ಆಡಿದ್ದಾರೆ. ಅದರ ಗುಣಮಟ್ಟ ನನಗೆ ಬಹುಮಟ್ಟಿಗೆ ತೃಪ್ತಿ ತಂದಿದೆ.

ಮೈದಾನದ ಫುಟ್ಬಾಲ್‌ಗೆ ಬಳಸುವ 5ನೇ ಅಳತೆಯ ಚೆಂಡಿನ ಸುತ್ತಳತೆ 68ರಿಂದ 70 ಸೆಂ.ಮೀ. ಇದ್ದರೆ, ಫುಟ್ಸಾಲ್‌ನ 4ನೇ ಅಳತೆಯದು 62ರಿಂದ 64 ಸೆಂ.ಮೀ. ಇರುತ್ತದೆ. ನಿಯಮದಂತೆ 2 ಮೀಟರ್ ಎತ್ತರದಿಂದ ಬಿಟ್ಟಾಗ ಮೊದಲ ಪುಟಿತ 50 ಸೆಂ.ಮೀ.ಗಿಂತ ಕಡಿಮೆಯಾಗಬಾರದು, 65 ಸೆಂ.ಮೀ. ಮೀರಬಾರದು. ಟೇಪ್ ಹಿಡಿದು ನೋಡಿದಾಗ ಇದು ಆ ಮಿತಿಯೊಳಗೇ ಇತ್ತು. ಬ್ಲ್ಯಾಡರ್‌ನೊಳಗೆ (ಚೆಂಡಿನೊಳಗಿನ ಗಾಳಿಚೀಲ) ಫೋಮ್ ತುಂಬಿ ಪುಟಿತವನ್ನು ತಗ್ಗಿಸಿರುವುದರಿಂದ, ತಂಡಕ್ಕೆ ಐವರಷ್ಟೇ ಆಡುವ, ಕಿಕ್-ಇನ್ (ಪಕ್ಕದ ಗೆರೆ ದಾಟಿದ ಚೆಂಡನ್ನು ಕಾಲಿನಿಂದ ಮತ್ತೆ ಒಳಗೆ ಒದೆಯುವುದು) ಅನ್ನು 4 ಸೆಕೆಂಡಿನೊಳಗೆ ಹೊಡೆಯಲೇಬೇಕಾದ ಈ ವೇಗದ ಆಟದಲ್ಲಿ ಚೆಂಡು ಕಾಲಿನ ಹಿಡಿತದಲ್ಲೇ ಉಳಿಯುತ್ತದೆ.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಹೊಲಿಗೆ. ಸಿಂಥೆಟಿಕ್ ಹೊದಿಕೆಯ ಹಿಂಬದಿಗೆ ಬಟ್ಟೆಯ ಪದರಗಳನ್ನು ಅಂಟಿಸಿ, 12 ಪಂಚಭುಜ ಮತ್ತು 20 ಷಡ್ಭುಜ ತುಂಡುಗಳಾಗಿ ಕತ್ತರಿಸಿ, ಮೇಣ ಹಚ್ಚಿದ ದಾರದಿಂದ ಒಳಮಗ್ಗುಲಲ್ಲಿ ಹೊಲಿದು, ಕೊನೆಗೆ ಮಗುಚಿ ಬಾಯಿ ಮುಚ್ಚುವ ಈ ಕೆಲಸಕ್ಕೆ ನುರಿತ ಕೈಗಳಿಗೂ ಗಂಟೆಗಟ್ಟಲೆ ಬೇಕಾಗುತ್ತದೆ. ಆ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಇಷ್ಟು ಆಡಿದರೂ ಒಂದು ಎಳೆಯೂ ಬಿಟ್ಟಿಲ್ಲ.

ಕೊರತೆಯೆಂದರೆ ವಾಲ್ವ್‌ನಿಂದ ಗಾಳಿ ನಿಧಾನವಾಗಿ ಸೋರುತ್ತದೆ. ವಾರಕ್ಕೊಮ್ಮೆ ಪಂಪ್ ಹೊಡೆಯಬೇಕಾಗುತ್ತದೆ. ಸೂಜಿಯನ್ನು ಒದ್ದೆ ಮಾಡಿಯೇ ತೂರಿಸಬೇಕು, ನಮ್ಮೂರಿನ ಮೇ ತಿಂಗಳ ಬಿಸಿಲಿನಲ್ಲಂತೂ ಚೆಂಡನ್ನು ಹೊರಗೆ ಬಿಡಬಾರದು. ಕಲ್ಲುಮಣ್ಣಿನ ಬಯಲಿನಲ್ಲಿ ಆಡುವವರು ಇದನ್ನು ಕೊಳ್ಳದೆ 5ನೇ ಅಳತೆಯ ಚೆಂಡನ್ನೇ ಆರಿಸಿಕೊಳ್ಳುವುದು ಒಳಿತು.